ಕಂಪನಿ ನಟಿಯರ ದನಿ ದಾಖಲಾಗಲಿ

ಮಾನ್ಯ ಸಂಪಾದಕರೇ,

ಪದ್ಮಶ್ರೀ ಪುರಸ್ಕೃತರಾದ, 2010ರಲ್ಲಿ ನಮ್ಮನ್ನಗಲಿದ ವೃತ್ತಿ ರಂಗಭೂಮಿಯ ನಟಿ ಚಿಂದೋಡಿ ಲೀಲಾ ಅವರನ್ನು ಇಂದಿನ ಪೀಳಿಗೆ ಗುರುತಿಸುವುದಾದರೂ ‘ಶರಪಂಜರ’ದಂತಹ ಚಿತ್ರಗಳ ಪೋಷಕ ಪಾತ್ರಗಳಿಂದ ಮಾತ್ರ. ಆದರೆ ತಂದೆ ವೀರಪ್ಪನವರು ಕಟ್ಟಿದ, ದಾವಣಗೆರೆಯ ಹೆಮ್ಮೆಯಾದ ಕೆ.ಬಿ.ಆರ್. ನಾಟಕ ಕಂಪನಿಯನ್ನು ಬಿಟ್ಟು ಅವರ ಅಭಿನಯವನ್ನು ಅಳೆಯಲಾಗದು. ಗ್ಯಾಲರಿಯ ಕೊನೆಯ ಸಾಲಿಗೂ ಮಾತು ಮುಟ್ಟಿಸಬೇಕಾದ ಕಂಪನಿ ನಟಿ, ಕ್ಯಾಮೆರಾ ಎದುರು ಅದೇ ದನಿಯನ್ನು ಅರ್ಧಕ್ಕಿಳಿಸಿ, ಹುಬ್ಬಿನ ಒಂದು ಸಣ್ಣ ಚಲನೆಯಲ್ಲಿ ತಾಯಿಯ ಸಂಕಟವನ್ನೋ ಅತ್ತೆಯ ದರ್ಪವನ್ನೋ ತೋರಬೇಕಾಗುತ್ತದೆ. ನನ್ನ ಮಟ್ಟಿಗೆ ಇದು ನಾಯಕಿ ಪಾತ್ರಕ್ಕಿಂತಲೂ ಕಠಿಣವಾದ ಕೆಲಸ. ದಾವಣಗೆರೆ ವಿಶ್ವವಿದ್ಯಾಲಯ ಹಾಗೂ ಕರ್ನಾಟಕ ನಾಟಕ ಅಕಾಡೆಮಿ ಜತೆಗೂಡಿ, ಇನ್ನೂ ನಮ್ಮ ನಡುವೆ ಇರುವ ಹಿರಿಯ ಕಂಪನಿ ಕಲಾವಿದೆಯರ ರಂಗಗೀತೆ, ಸಂಭಾಷಣೆ, ನೆನಪುಗಳನ್ನು ಅವರದೇ ದನಿಯಲ್ಲಿ ಶೀಘ್ರವಾಗಿ ಧ್ವನಿಮುದ್ರಿಸಿಡಬೇಕೆಂದು ಕೋರುತ್ತೇನೆ.

– ಒಬ್ಬ ರಂಗಾಸಕ್ತ, ದಾವಣಗೆರೆ