ಸೋತ ಟ್ರಯಲ್‌ಗಳ ಲೆಕ್ಕವನ್ನೂ ಕೇಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ವೈದ್ಯಕೀಯ ಗಾಂಜಾಕ್ಕೆ ಅನುಮತಿ ಕೋರುವ ಕಡತ ನಿಮ್ಮ ಮೇಜಿಗೆ ಬಂದರೆ, ಜೊತೆಗೆ ಒಂದಿಷ್ಟು ಜರ್ನಲ್ ಲೇಖನಗಳೂ ಬರುತ್ತವೆ. ಅದರಲ್ಲಿ ಯಾವ ಟ್ರಯಲ್ (ರೋಗಿಗಳ ಮೇಲೆ ನಡೆಸಿದ ಔಷಧಿ ಪರೀಕ್ಷೆ) ಇಲ್ಲ ಎಂದು ದಯವಿಟ್ಟು ಮೊದಲು ಕೇಳಿ.

ನಾನು ಈ ಔಷಧಿಗಳ ವಿರೋಧಿಯಲ್ಲ. ಮಕ್ಕಳನ್ನು ಕಾಡುವ ಕೆಲವು ತೀವ್ರ ಮೂರ್ಛೆರೋಗಗಳಲ್ಲಿ, ಗಾಂಜಾದಿಂದ ತೆಗೆದ ಕ್ಯಾನಬಿಡಿಯಾಲ್ ಒಳ್ಳೆಯ ಟ್ರಯಲ್‌ಗಳಲ್ಲೇ ಗೆದ್ದಿದೆ. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ನನ್ನ ತಕರಾರು ನೋವಿನ ಔಷಧಿಯದ್ದು.

ನ್ಯಾಬಿಕ್ಸಿಮಾಲ್ಸ್ ಎಂಬ ಗಾಂಜಾ ಸ್ಪ್ರೇಯನ್ನು ಕ್ಯಾನ್ಸರ್ ನೋವಿದ್ದ 360 ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2012ರಲ್ಲಿ ಬಂತು. ನೋವು ಶೇ. 30ರಷ್ಟಾದರೂ ಇಳಿದವರು ಎಷ್ಟು ಮಂದಿ ಎಂಬುದು ಮುಖ್ಯ ಅಳತೆ. ಅದರಲ್ಲಿ ಸ್ಪ್ರೇ ಪ್ಲಸಿಬೊವನ್ನು, ಅಂದರೆ ಹೋಲಿಕೆಗೆ ಕೊಡುವ ಔಷಧಿಯಿಲ್ಲದ ಹುಸಿ ಸ್ಪ್ರೇಯನ್ನು, ಸೋಲಿಸಲಿಲ್ಲ. ಆದರೆ ಇನ್ನೊಂದು, ಎರಡನೇ ಸಾಲಿನ ಅಳತೆಯಲ್ಲಿ, ಕಡಿಮೆ ಮತ್ತು ಮಧ್ಯಮ ಡೋಸ್ ತೆಗೆದುಕೊಂಡವರಿಗೆ ಲಾಭ ಕಂಡಿತು. ವರದಿಯ ಸಾರಾಂಶ ಒತ್ತಿ ಹೇಳಿದ್ದು ಈ ಲಾಭವನ್ನೇ. ಆಮೇಲೆ ಮೂರು ದೊಡ್ಡ ಟ್ರಯಲ್‌ಗಳು ನಡೆದವು. ಮುಖ್ಯ ಅಳತೆಯಲ್ಲಿ ಮೂರೂ ಸೋತವು. ಒಂದು ಮಾತು ಮೆಚ್ಚಲೇಬೇಕು: ಆ ಸೋಲುಗಳು ಜರ್ನಲ್‌ಗಳಲ್ಲಿ ಅಚ್ಚಾದವು. ಅಚ್ಚಾಗದಿದ್ದರೆ? ನಿಮ್ಮ ಕಡತದಲ್ಲಿ 2012ರ ವರದಿಯೊಂದೇ ಇರುತ್ತಿತ್ತು, ಅಲ್ವಾ?

ಇದು ಸುಮ್ನೆ ಹೆದರಿಸುವ ಮಾತಲ್ಲ. ಖಿನ್ನತೆಯ ಔಷಧಿಗಳ ಬಗ್ಗೆ ಎಫ್‌ಡಿಎ ಬಳಿಯಿದ್ದ 74 ಟ್ರಯಲ್‌ಗಳನ್ನು ಸಂಶೋಧಕರು ಜರ್ನಲ್‌ಗಳ ಜೊತೆ ತಾಳೆ ನೋಡಿ 2008ರಲ್ಲಿ ಪ್ರಕಟಿಸಿದರು. ಎಫ್‌ಡಿಎ ಲೆಕ್ಕದಲ್ಲಿ ಗೆದ್ದ 38ರಲ್ಲಿ 37 ಅಚ್ಚಾಗಿದ್ದವು. ಉಳಿದ 36ರಲ್ಲಿ 22 ಅಚ್ಚಾಗಿರಲೇ ಇಲ್ಲ. 11 ಗೆದ್ದ ವೇಷ ಹಾಕಿಕೊಂಡು ಬಂದಿದ್ದವು!

ಗಾಂಜಾದಲ್ಲಿ ಈ ಅಪಾಯ ಇನ್ನೂ ಜಾಸ್ತಿ ಎಂದು ನನಗನಿಸುತ್ತದೆ. ಹಲವು ಟ್ರಯಲ್‌ಗಳು ಸಣ್ಣವು, ಸಣ್ಣದು ಅದೃಷ್ಟದಿಂದಲೂ ಗೆಲ್ಲಬಹುದು. ಅಮಲು ಏರಿದ ರೋಗಿಗೆ ತಾನು ತೆಗೆದುಕೊಂಡದ್ದು ಪ್ಲಸಿಬೊ ಅಲ್ಲ ಎಂದು ಗೊತ್ತಾಗಿಬಿಡುತ್ತದೆ. 2015ರಲ್ಲಿ ಜಾಮಾ ಜರ್ನಲ್‌ನಲ್ಲಿ ಬಂದ ಪರಿಶೀಲನೆ ಗಾಂಜಾ ಔಷಧಿಗಳ 79 ಟ್ರಯಲ್‌ಗಳನ್ನು ನೋಡಿತು. ಫಲಿತಾಂಶ ಒಂದು ಕಡೆ ವಾಲುವ ಪಕ್ಷಪಾತದ ಅಪಾಯ ಕಡಿಮೆ ಎನಿಸಿದ್ದು ನಾಲ್ಕರಲ್ಲಿ ಮಾತ್ರ.

ಹಾಗಾಗಿ ಅರ್ಜಿ ಹಾಕುವ ಕಂಪನಿ ತನ್ನ ಔಷಧಿಯ ಎಲ್ಲ ಟ್ರಯಲ್‌ಗಳ ಪಟ್ಟಿ ಕೊಡಲಿ, ಅರ್ಧಕ್ಕೆ ನಿಲ್ಲಿಸಿದ್ದೂ ಸೇರಿ. ಟ್ರಯಲ್‌ನ ನೋಂದಣಿಯಲ್ಲಿ ಮೊದಲು ಬರೆದ ಮುಖ್ಯ ಅಳತೆಯೂ ಜರ್ನಲ್‌ನಲ್ಲಿ ಬಂದದ್ದೂ ಒಂದೇನಾ ಎಂದು ನಿಮ್ಮ ಅಧಿಕಾರಿಗಳು ನೋಡಲಿ. ಇದು ಕಷ್ಟದ ಕೆಲಸವಲ್ಲ. ಟ್ರಯಲ್‌ಗಳನ್ನು ನೋಂದಾಯಿಸುವ ಅಮೆರಿಕದ ಜಾಲತಾಣ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ಯಾವಾಗ ಏನು ಬದಲಾಯಿತು ಎಂಬುದೂ ದಾಖಲಾಗಿರುತ್ತದೆ. ತಲೆಸುತ್ತು, ಮಂಪರಿನಂಥ ಅಡ್ಡ ಪರಿಣಾಮಗಳ ಪೂರ್ತಿ ಲೆಕ್ಕವನ್ನೂ ಕೇಳಿ.

ಸೋತ ಟ್ರಯಲ್‌ನ ಫಲಿತಾಂಶ ವ್ಯಾಪಾರದ ಗುಟ್ಟು ಎಂದು ಕಂಪನಿ ಹೇಳಿದರೆ, ಅರ್ಜಿಯನ್ನು ವಾಪಸ್ ಕಳಿಸಿಬಿಡಿ.

ಇತಿ,
ಒಬ್ಬ ನಾಗರಿಕ