ಅಪ್ಪಾ, ಅವತ್ತು ಫೋನಿನಲ್ಲಿ ಕೇಳಿದ್ರಲ್ಲ

ಮೆಂಫಿಸ್, ಟೆನೆಸ್ಸಿ
ನವೆಂಬರ್ 9, 2025

ಅಪ್ಪಾ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ಅವ್ವನ ಮೊಣಕಾಲು ಈಗ ಹೇಗಿದೆ? ಹತ್ತಿ ಬಿಡಿಸೋಕೆ ಈ ಸಲ ಆಳು ಸಿಕ್ಕರಾ?

ಹೋದ ವಾರ ಫೋನ್ ಮಾಡಿದಾಗ ನನ್ನ ರೂಮಿನಲ್ಲಿ ಹಾಡು ಹಚ್ಚಿದ್ದೆ. ನೀವು ಮಾತು ನಿಲ್ಲಿಸಿ, "ಅದ್ಯಾರವ್ವ ಹಂಗ ಅಳಾಕತ್ಯಾರ?" ಅಂತ ಕೇಳಿದಿರಿ. ಯಾರೂ ಅಳುತ್ತಿರಲಿಲ್ಲ, ಅಪ್ಪಾ. ಅದು ಗಿಟಾರ್. ಅಷ್ಟರಲ್ಲಿ ಲೈನ್ ಕಟ್ ಆಯಿತು. ಮತ್ತೆ ಫೋನ್ ಮಾಡಿ ಎರಡು ಮಾತಲ್ಲಿ ಹೇಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಇದನ್ನು ನಿಮಗೆ ಕೂತು ಬರೀಬೇಕು. ಯಾಕಂದ್ರೆ ಆ ತಂತಿ ಮೀಟಿದವರು ನಿಮ್ಮ ಹಾಗೇ ಹತ್ತಿ ಹೊಲದವರು. ಹೆಸರು ಬಿ.ಬಿ. ಕಿಂಗ್. ಆ ಸಂಗೀತಕ್ಕೆ ಬ್ಲೂಸ್ ಅಂತಾರೆ.

ಹೋದ ತಿಂಗಳು ಅವರ ಊರಿಗೆ ಹೋಗಿದ್ದೆ. ಮಿಸಿಸಿಪ್ಪಿ ರಾಜ್ಯದ ಇಂಡಿಯನೋಲಾ. ನನ್ನ ಜೊತೆ ಕೆಲಸ ಮಾಡುವ ಹಿರಿಯಕ್ಕ ಒಬ್ಬರು ಕರೆದುಕೊಂಡು ಹೋದರು. ಅವರು ಕಪ್ಪು ಜನಾಂಗದವರು, ಹುಟ್ಟಿ ಬೆಳೆದದ್ದು ಅದೇ ಸೀಮೆಯಲ್ಲಿ. ಮೆಂಫಿಸ್ ಬಿಟ್ಟು ಹೆದ್ದಾರಿ 61 ಹಿಡಿದು ತೆಂಕಣಕ್ಕೆ ಹೊರಟರೆ ಗುಡ್ಡ ಮಾಯ. ಕಣ್ಣು ಹೋದಷ್ಟೂ ಬಯಲು. ಆ ಸೀಮೆಗೆ ಡೆಲ್ಟಾ ಅಂತಾರೆ, ಆದರೆ ಸಮುದ್ರ ಇನ್ನೂ ಬಹಳ ದೂರ. ಮಿಸಿಸಿಪ್ಪಿ, ಯಾಜೂ ಅನ್ನೋ ಎರಡು ನದಿಗಳು ನೆರೆ ಬಂದಾಗಲೆಲ್ಲ ಮಣ್ಣು ತಂದು ಹಾಕಿ ಹಾಕಿ ಆದ ನೆಲ ಅದು. ನಮ್ಮ ಎರೆ ಹೊಲವೇ ನೆನಪಾಯಿತು. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು.

ಅಕ್ಕ ಕಾರು ನಿಲ್ಲಿಸಿದರು. ಅಂಚಿನ ಗಿಡದಿಂದ ಒಂದು ಕಾಯಿ ಹಿಡಿದು, ಐದೂ ಬೆರಳು ಸೇರಿಸಿ, ಒಂದೇ ಎಳೆತಕ್ಕೆ ಹತ್ತಿ ಪೂರ್ತಿ ಕಿತ್ತರು. ಸಿಪ್ಪೆಯ ಚೂಪು ತುದಿ ಬೆರಳಿಗೆ ತಾಕಲೇ ಇಲ್ಲ. ಅವ್ವನೂ ಹೀಗೇ ಬಿಡಿಸೋದು, ಅಲ್ವಾ? ಅವ್ವ ಉಡಿಗೆ ಹಾಕಿಕೊಳ್ಳುತ್ತಾಳೆ. ಇವರು ಉದ್ದನೆ ಚೀಲದ ಪಟ್ಟಿ ಹೆಗಲಿಗೆ ಹಾಕಿಕೊಂಡು, ಸಾಲಿನುದ್ದಕ್ಕೂ ನೆಲದ ಮೇಲೆ ಎಳೆಯುತ್ತಾ ಹೋಗುತ್ತಿದ್ದರಂತೆ. ಹತ್ತಿ ಕಾಲದಲ್ಲಿ ಕಪ್ಪು ಮಕ್ಕಳ ಶಾಲೆಯನ್ನೇ ಮುಚ್ಚುತ್ತಿದ್ದರು. ಈಗ ಎಲ್ಲಾ ಮೆಷಿನ್. ಆದರೂ ಅವರ ಬೆರಳು ಮರೆತಿಲ್ಲ.

ನಮಗೂ ಆ ಹತ್ತಿಗೂ ನಿಜವಾಗಿ ಒಂದು ನಂಟಿದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯ ಬೀಜ ತಂದು ನಮ್ಮ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅದಕ್ಕೇ ಆಮೇಲೆ ಧಾರವಾಡ-ಅಮೆರಿಕನ್ ಹತ್ತಿ ಅಂತ ಹೆಸರು ಬಂತು. 1861ರಿಂದ 1865ರವರೆಗೆ ಇಲ್ಲಿ ಗುಲಾಮಗಿರಿಯ ಮೇಲೆ ಯುದ್ಧ ನಡೆದು ಇಂಗ್ಲೆಂಡಿಗೆ ಇಲ್ಲಿನ ಹತ್ತಿ ನಿಂತಾಗ, ನಮ್ಮ ಕಡೆ ಹತ್ತಿ ರೇಟು ಏರಿತು. ಇಲ್ಲಿ ಆ ಹತ್ತಿ ಬೆಳೆಯುತ್ತಿದ್ದವರು ಗುಲಾಮರು.

ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಜಮೀನು ಮಾತ್ರ ಸಿಗಲಿಲ್ಲ. ಅದೇ ಒಡೆಯರ ಹೊಲವನ್ನೇ ಪಾಲಿಗೆ ಮಾಡಬೇಕಾಯಿತು. ಬೀಜ, ಹೇಸರಗತ್ತೆ, ಹಿಟ್ಟು, ಬಟ್ಟೆ ಎಲ್ಲಾ ಒಡೆಯನ ಅಂಗಡಿಯಿಂದಲೇ ಉದ್ರಿ. ವರ್ಷದ ಕೊನೆಗೆ ಹತ್ತಿ ತೂಗಿ, ಅರ್ಧ ಪಾಲು ಲೆಕ್ಕ ಹಾಕಿ, ಉದ್ರಿ ಮುರಿದುಕೊಂಡರೆ ಕೈಗೆ ಬರೋದು ಏನೂ ಉಳಿಯುತ್ತಿರಲಿಲ್ಲ. ಎಷ್ಟೋ ಸಲ ಬಾಕಿಯೇ ಬೆಳೆಯುತ್ತಿತ್ತು. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ. ಎದುರು ಮಾತಾಡಿದರೆ ಜೀವಕ್ಕೇ ಕುತ್ತು. ಅಜ್ಜ ಪಾಲಿಗೆ ಮಾಡುತ್ತಿದ್ದ ದಿನಗಳ ಬಗ್ಗೆ ನೀವು ಹೇಳುತ್ತಿದ್ದಿರಿ, ರಾಶಿ ದಿನ ಅಜ್ಜ ಊಟ ಮಾಡುತ್ತಿರಲಿಲ್ಲ ಅಂತ. ನಮಗೆ 1974ರ ಕಾಯ್ದೆ ಬಂತು, ಉಳುವ ಹೊಲ ಅಜ್ಜನದಾಯಿತು. ಇವರಿಗೆ ಅಂಥ ಕಾಯ್ದೆ ಬರಲೇ ಇಲ್ಲ.

ಬ್ಲೂಸ್ ಹುಟ್ಟಿದ್ದು ಅಲ್ಲಿ. ಹೊಲದಲ್ಲಿ ಒಬ್ಬ ಕೂಗಿ ಹಾಡುತ್ತಿದ್ದ, ಉಳಿದವರು ಓಗೊಡುತ್ತಿದ್ದರು. ಕೆಲಸದ ಹಾಡು, ಚರ್ಚಿನ ಹಾಡು, ಒಂಟಿಯಾಗಿ ಕೂಗಿಕೊಳ್ಳುವ ದನಿ, ಇವೆಲ್ಲ ಕೂಡಿ ಹತ್ತೊಂಬತ್ತನೇ ಶತಮಾನದ ಕೊನೆ ಹೊತ್ತಿಗೆ ಈ ರೂಪ ಬಂತು. ಡಬ್ಲ್ಯೂ.ಸಿ. ಹ್ಯಾಂಡಿ ಅನ್ನೋ ಬ್ಯಾಂಡ್ ಮಾಸ್ತರ್ ಒಬ್ಬರು 1903ರ ಹೊತ್ತಿಗೆ ಟಟ್‌ವೈಲರ್ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ನಿದ್ದೆ ಹೋಗಿದ್ದರು. ಎಚ್ಚರಾದಾಗ ಪಕ್ಕದಲ್ಲಿ ಹರಕು ಬಟ್ಟೆಯ ಒಬ್ಬ ಕಪ್ಪು ಮನುಷ್ಯ ಗಿಟಾರ್ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತಾ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ. ಅವನ ಹೆಸರು ಯಾರೂ ಕೇಳಿಡಲಿಲ್ಲ. ಹ್ಯಾಂಡಿ ಇಂಥ ಹಾಡುಗಳನ್ನು ಸ್ವರಲಿಪಿಗೆ ಇಳಿಸಿ 1912ರಿಂದ ಅಚ್ಚು ಹಾಕಿಸಿದರು. ನನಗೆ ಮಾತ್ರ ಆ ಚಾಕು ಹಿಡಿದವನೇ ಮನಸ್ಸಿನಲ್ಲಿ ನಿಂತಿದ್ದಾನೆ.

ಬ್ಲೂಸ್ ಹಾಡಿನ ಕಟ್ಟು ಬಹಳ ಸರಳ. ಒಂದು ಸಾಲು ಹಾಡಬೇಕು. ಅದನ್ನೇ ಇನ್ನೊಮ್ಮೆ ಹಾಡಬೇಕು. ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ. ಅಜ್ಜಿಯ ಬೀಸುಕಲ್ಲಿನ ಪದವೂ ಮೂರೇ ಸಾಲು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ಕೇಳುವಾಗ ನೆನಪಾಗದೆ ಇರಲಿಲ್ಲ. ಇನ್ನೊಂದು ಮಾತು. ಇವರ ಗಂಧಾರ, ಅಂದ್ರೆ ಸರಿಗಮದ 'ಗ', ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಎರಡರ ನಡುವೆ ಎಲ್ಲೋ ಅಲುಗುತ್ತಾ ನಿಲ್ಲುತ್ತದೆ. ನಿಮ್ಮ ಭಜನೆ ಹಾರ್ಮೋನಿಯಂನಲ್ಲಿ ಹುಡುಕಿದರೆ ಸಿಗೋದಿಲ್ಲ. ಕಪ್ಪು ಪಟ್ಟಿಗೂ ಬಿಳಿ ಪಟ್ಟಿಗೂ ನಡುವಿನ ಸಂದಿನಲ್ಲಿದೆ ಅದು. ನೀವು ಅಳು ಅಂದದ್ದು ಅದನ್ನೇ.

ಈಗ ಕಿಂಗ್ ಅವರ ಕಥೆ. ಹುಟ್ಟಿದ್ದು 1925ರ ಸೆಪ್ಟೆಂಬರ್ 16ಕ್ಕೆ, ಹತ್ತಿ ತೋಟದ ಗುಡಿಸಲಿನಲ್ಲಿ. ಹೆಸರು ರೈಲಿ ಕಿಂಗ್. ಈ ವರ್ಷಕ್ಕೆ ನೂರು ತುಂಬಿತು. ಚಿಕ್ಕ ವಯಸ್ಸಿಗೇ ತಾಯಿ ತೀರಿಕೊಂಡರು. ಸಾಕಿದ ಅಜ್ಜಿಯೂ 1940ರಲ್ಲಿ ಹೋದರು. ಹದಿನಾಲ್ಕರ ಹುಡುಗ ಒಬ್ಬನೇ ಗುಡಿಸಲಿನಲ್ಲಿದ್ದು ಹತ್ತಿ ಬೆಳೆದ. ಮೊದಲ ಗಿಟಾರ್ 15 ಡಾಲರ್. ಒಡೆಯ ಕೊಡಿಸಿ ಸಂಬಳದಲ್ಲಿ ಮುರಿದುಕೊಂಡ. ಆಮೇಲೆ ಇಂಡಿಯನೋಲಾದ ಹತ್ತಿರ ಟ್ರ್ಯಾಕ್ಟರ್ ಹೊಡೆಯೋ ಕೆಲಸ. ಶನಿವಾರ ಪೇಟೆಯ ಮೂಲೆಯಲ್ಲಿ ನಿಂತು ಹಾಡುತ್ತಿದ್ದ. ದೇವರ ಹಾಡು ಹಾಡಿದರೆ ಜನ ತಲೆ ಸವರಿ ಹೊಗಳಿ ಹೋಗುತ್ತಿದ್ದರಂತೆ. ಬ್ಲೂಸ್ ಹಾಡಿದರೆ ಕಾಸು ಹಾಕುತ್ತಿದ್ದರಂತೆ. ಆ ಮೂಲೆ ಇನ್ನೂ ಇದೆ. ನಾನು ಹೋಗಿ ನಿಂತು ಬಂದೆ.

1946ರಲ್ಲಿ ಒಂದು ಸಂಜೆ ಟ್ರ್ಯಾಕ್ಟರ್ ನಿಲ್ಲಿಸುವಾಗ ಅದು ಮುಂದಕ್ಕೆ ಜಿಗಿದು ಹೊಗೆ ಕೊಳವೆ ಮುರಿಯಿತು. ಒಡೆಯನ ಹೆದರಿಕೆಗೆ ಹುಡುಗ ಗಿಟಾರ್ ಹಿಡಿದು ಮೆಂಫಿಸ್ಸಿಗೆ ಓಡಿದ. ಅಲ್ಲಿ ತಾಯಿಯ ಕಡೆಯ ನೆಂಟರು ಬುಕ್ಕಾ ವೈಟ್, ದೊಡ್ಡ ಬ್ಲೂಸ್ ಹಾಡುಗಾರರು, ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಕೆಲವು ತಿಂಗಳಾದ ಮೇಲೆ ಹುಡುಗ ವಾಪಸ್ ಹೋಗಿ, ದುಡಿದು, ಟ್ರ್ಯಾಕ್ಟರಿನ ಬಾಕಿ ತೀರಿಸಿದ. ಇದು ನನಗೆ ಬಹಳ ಇಷ್ಟವಾಯಿತು, ಅಪ್ಪಾ. ಸಾಲ ತೀರಿಸಿಯೇ 1948ರಲ್ಲಿ ಮತ್ತೆ ಮೆಂಫಿಸ್ಸಿಗೆ ಬಂದದ್ದು.

ಡಬ್ಲ್ಯೂಡಿಐಎ ಅನ್ನೋ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಕಪ್ಪು ಜನರಿಗಾಗಿಯೇ ದಿನವಿಡೀ ಕಾರ್ಯಕ್ರಮ ಕೊಟ್ಟ ಮೊದಲ ರೇಡಿಯೋ ಅದು. ಅಲ್ಲಿ ಟಾನಿಕ್ ಜಾಹೀರಾತಿಗೆ ಹಾಡುತ್ತಾ 'ಬ್ಲೂಸ್ ಬಾಯ್' ಆದರು, ಅದೇ ಬಿ.ಬಿ. ಆಯಿತು. 1952ರಲ್ಲಿ 'ತ್ರೀ ಓ'ಕ್ಲಾಕ್ ಬ್ಲೂಸ್' ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಅದಕ್ಕೂ ಮುಂಚೆ, 1949ರ ಚಳಿಗಾಲದಲ್ಲಿ, ಅರ್ಕನ್ಸಾದ ಟ್ವಿಸ್ಟ್ ಅನ್ನೋ ಹಳ್ಳಿಯಲ್ಲಿ ಒಂದು ರಾತ್ರಿ. ಕುಣಿತದ ಮನೆ, ಮರದ್ದು. ಚಳಿ ಕಾಯಿಸಲು ನಡುವೆ ಪೀಪಾಯಿಯಲ್ಲಿ ಸೀಮೆಎಣ್ಣೆ ಹಾಕಿ ಹೊತ್ತಿಸಿದ್ದರು. ಇಬ್ಬರು ಗಂಡಸರು ಜಗಳವಾಡಿ ಅದರ ಮೇಲೆ ಬಿದ್ದರು. ಬೆಂಕಿ ನೆಲದ ತುಂಬಾ ಹರಿಯಿತು. ಎಲ್ಲರೂ ಹೊರಗೆ ಓಡಿದರು, ಇವರೂ ಓಡಿದರು. ಹೊರಗೆ ಬಂದ ಮೇಲೆ ನೆನಪಾಯಿತು, ಗಿಟಾರ್ ಒಳಗೇ ಇದೆ. ಮತ್ತೆ ಒಳಗೆ ನುಗ್ಗಿ ತಂದರು. ಆ ರಾತ್ರಿ ಇಬ್ಬರು ಸತ್ತರು. ಜಗಳ ಲೂಸಿಲ್ ಅನ್ನೋ ಹೆಂಗಸಿನ ಸಲುವಾಗಿ ಅಂತ ಮರುದಿನ ಗೊತ್ತಾಯಿತು. ಗಿಟಾರಿಗೆ ಅದೇ ಹೆಸರಿಟ್ಟರು, ಇನ್ನು ಇಂಥ ಹುಚ್ಚು ಕೆಲಸ ಮಾಡಬಾರದು ಅಂತ ನೆನಪಿಗೆ. ಆಮೇಲೆ ನುಡಿಸಿದ ಎಲ್ಲಾ ಗಿಟಾರುಗಳೂ ಲೂಸಿಲ್‌ಗಳೇ.

ಆ ಲೂಸಿಲ್ ಏನು ಮಾಡುತ್ತಾಳೆ ಅನ್ನೋದನ್ನ ನೀವು ಕೇಳಬೇಕು. ಬುಕ್ಕಾ ವೈಟ್ ತಂತಿಯ ಮೇಲೆ ಲೋಹ ಜಾರಿಸಿ ನುಡಿಸುತ್ತಿದ್ದರು. ಕಿಂಗ್ ಅವರಿಗೆ ಅದು ಕೈಗೆ ಹತ್ತಲಿಲ್ಲ. ಬರೀ ಬೆರಳಿನಲ್ಲೇ ಆ ದನಿ ತರಲು ಹೊರಟು ಎಡಗೈಯ ಬೆರಳನ್ನು ತಂತಿಯ ಮೇಲೆ ಒತ್ತಿ, ಮಣಿಕಟ್ಟಿನಿಂದ ನಡುಗಿಸಿದರು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದರು. ನಮ್ಮಲ್ಲಿ ಸಿತಾರದವರು ಮೀಂಡ್ ಎಳೆಯೋದಿಲ್ಲವೇ, ಆ ತರಹ. ಇಂಡಿಯನೋಲಾದಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ಅಲ್ಲಿನ ಒಂದು ವಿಡಿಯೋದಲ್ಲಿ ಆ ಕೈ ಮಾತ್ರ ದೊಡ್ಡದಾಗಿ ಕಂಡಿತು. ಬೆರಳು ಕದಲೋದೇ ಇಲ್ಲ, ಕೈ ಪೂರ್ತಿ ಚಿಟ್ಟೆ ರೆಕ್ಕೆ ಹಾಗೆ ಪಟಪಟ ಅನ್ನುತ್ತೆ. ಬಾಯಲ್ಲಿ ಹಾಡುವಾಗ ಗಿಟಾರ್ ನುಡಿಸೋದಿಲ್ಲ. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಆಗ ಲೂಸಿಲ್ ಉತ್ತರ ಕೊಡುತ್ತಾಳೆ. ಹೊಲದಲ್ಲಿ ಓಗೊಡಲು ಸಾಲಿನಲ್ಲಿ ಜನ ಇದ್ದರು. ಹೊಲ ಬಿಟ್ಟು ಬಂದ ಒಬ್ಬ ಮನುಷ್ಯನಿಗೆ ಓಗೊಡುವವರು ಯಾರು? ಆ ಕೆಲಸ ಈ ತಂತಿ ಮಾಡಿತು ಅಂತ ನನಗೆ ಅನ್ನಿಸುತ್ತೆ.

1956ರಲ್ಲಿ ಅವರು ಒಂದೇ ವರ್ಷದಲ್ಲಿ 342 ಕಡೆ ಹಾಡಿದರು. ರಾತ್ರಿ ಕಾರ್ಯಕ್ರಮ, ಬೆಳಗಿನವರೆಗೆ ಬಸ್ಸು. ಬಿಳಿಯರ ಹೋಟೆಲಿನಲ್ಲಿ ಇವರಿಗೆ ರೂಮಿಲ್ಲ, ಊಟವಿಲ್ಲ. 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಿಳಿಯ ಹುಡುಗ ಹುಡುಗಿಯರು ತುಂಬಿದ ಸಭೆಗೆ ಕಾಲಿಟ್ಟಾಗ, ಒಂದು ಸ್ವರವೂ ನುಡಿಸುವ ಮುಂಚೆ ಎಲ್ಲರೂ ಎದ್ದು ನಿಂತರು. ಅವರು ಅಲ್ಲೇ ಅತ್ತರಂತೆ. ಆಮೇಲೆ 'ದಿ ಥ್ರಿಲ್ ಈಸ್ ಗಾನ್' ಬಂದು ಜಗತ್ತಿಗೆಲ್ಲ ಹೆಸರು ಗೊತ್ತಾಯಿತು. 1970ರಲ್ಲಿ ಚಿಕಾಗೋ ಜೈಲಿನ ಕೈದಿಗಳಿಗೆ ಹಾಡಿದರು, ಮುಂದೆಯೂ ಎಷ್ಟೋ ಜೈಲುಗಳಲ್ಲಿ ದುಡ್ಡಿಲ್ಲದೆ ಹಾಡಿದರು. ವಯಸ್ಸಾಗಿ, ಸಕ್ಕರೆ ಕಾಯಿಲೆಯಿಂದ ನಿಲ್ಲೋಕಾಗದೆ ಹೋದಾಗ ಕುರ್ಚಿಯಲ್ಲಿ ಕೂತು 2014ರವರೆಗೂ ನುಡಿಸಿದರು. 2015ರ ಮೇ 14ಕ್ಕೆ ತೀರಿಕೊಂಡಾಗ 89 ವರ್ಷ.

ಮಣ್ಣು ಮಾಡಿದ್ದು ಇಂಡಿಯನೋಲಾದಲ್ಲೇ, ಮ್ಯೂಸಿಯಂ ಪಕ್ಕದಲ್ಲಿ. ಆ ಮ್ಯೂಸಿಯಂನ ಒಂದು ಭಾಗ ಹಳೇ ಇಟ್ಟಿಗೆಯ ಜಿನ್ನಿಂಗ್ ಮಿಲ್ಲು. ಹುಡುಗನಾಗಿದ್ದಾಗ ಅವರು ಅಲ್ಲಿ ದುಡಿದಿದ್ದರಂತೆ. ಅಕ್ಕ ದಾರಿಯಲ್ಲಿ ಕಿತ್ತ ಹತ್ತಿಯನ್ನು ಅಲ್ಲಿವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಸಮಾಧಿಯ ಕಲ್ಲಿನ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.

ಬರುವ ತಿಂಗಳು ಇಲ್ಲಿಂದ ಹುಬ್ಬಳ್ಳಿಗೆ ಬರುವವರೊಬ್ಬರ ಕೈಯಲ್ಲಿ ಪೆನ್ ಡ್ರೈವ್ ಕಳಿಸುತ್ತೇನೆ. ಮೊದಲು 1964ರಲ್ಲಿ ಚಿಕಾಗೋದ ರೀಗಲ್ ಥಿಯೇಟರಿನಲ್ಲಿ ಹಾಡಿದ್ದನ್ನು ಕೇಳಿ. ಜಾಸ್ತಿ ಹೆಸರಾದದ್ದು ಬೇರೆ ಹಾಡು, ಆದರೆ ನನಗೆ ಇದೇ ಮೇಲು. ನೀವು ಅಳು ಅಂದಿರಲ್ಲ, ಇದರಲ್ಲಿ ಕೇಳುವವರ ಕೂಗು ಕೇಕೆ ಎಲ್ಲಾ ಕೇಳಿಸುತ್ತೆ. ಅವರು ಒಂದು ಸಾಲು ಬಿಟ್ಟರೆ ಹೆಂಗಸರು ಕುರ್ಚಿಯಿಂದ ಓಗೊಡುತ್ತಾರೆ. ಗದುಗಿನ ಪುಣ್ಯಾಶ್ರಮದಲ್ಲಿ ರಾತ್ರಿಯಿಡೀ ಕೂತು ಕೇಳಿದ ಕಿವಿ ನಿಮ್ಮದು. ಊಟ ಆದ ಮೇಲೆ ಕಟ್ಟೆ ಮೇಲೆ ಕೂತು, ತಮ್ಮನಿಗೆ ದೊಡ್ಡ ಸ್ಪೀಕರಿಗೆ ಹಚ್ಚು ಅಂತ ಹೇಳಿ. ಅವ್ವನನ್ನೂ ಕರೆಯಿರಿ. ಆ ನಡುವಿನ ಗಂಧಾರ ಎಲ್ಲಿ ಬರುತ್ತೆ ಅಂತ ಹಿಡಿದು ನನಗೆ ಫೋನ್ ಮಾಡಿ.

ಈ ಸಲ ಕ್ವಿಂಟಲ್ಲಿಗೆ ಏನು ರೇಟು ಸಿಕ್ಕಿತು ಅಂತಲೂ ತಿಳಿಸಿ.

ನಿಮ್ಮ ಮಗಳು