ಅಪ್ಪನನ್ನು ನೋಡಲು ಬಂದವರಿಗೆಲ್ಲ

ಅಪ್ಪ ಮನೆಗೆ ಬಂದಿದ್ದಾರೆ. ಹೃದಯದ ಆಪರೇಷನ್ ಆಗಿ ಇವತ್ತಿಗೆ 40 ದಿನ. ನಿನ್ನೆ ಯಾರ ಕೈಯೂ ಹಿಡಿಯದೆ ಬಾಗಿಲವರೆಗೆ ನಡೆದರು. ರಕ್ತ ಕೊಟ್ಟವರಿಗೆ, ಆಸ್ಪತ್ರೆಗೆ ಊಟ ತಂದವರಿಗೆ ಫೋನ್ ಮಾಡಿ ಹೇಳಿದ್ದೇನೆ. ಇನ್ನೊಂದು ಋಣ ಉಳಿದಿದೆ.

ಅಪ್ಪ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದವರು. ಮೊದಲು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ, ಆಮೇಲೆ ನಮ್ಮೂರ ಥಿಯೇಟರಿನಲ್ಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಥಿಯೇಟರ್ ಬಾಗಿಲು ಹಾಕಿತು. ಮತ್ತೆ ತೆಗೆಯಲೇ ಇಲ್ಲ. ಆವತ್ತಿನಿಂದ ಅಪ್ಪನ ಮಾತು ಕಡಿಮೆಯಾಯಿತು. ಆಪರೇಷನ್ ಆದ ಮೇಲಂತೂ ಗೋಡೆ ಕಡೆ ತಿರುಗಿ ಸುಮ್ನೆ ಮಲಗಿರುತ್ತಿದ್ದರು.

ಆಗ ನೀವು ಬಂದಿರಿ. ಹಣ್ಣಿನ ಜೊತೆ ಕಥೆಗಳನ್ನೂ ತಂದಿರಿ.

ಟೆಂಟಿನ ಮುಂದೆ ಸೋಡಾ ಮಾರುತ್ತಿದ್ದ ಮಾವ ಮಂಚದ ಪಕ್ಕ ಕೂತು ‘ನಮೋ ವೆಂಕಟೇಶ’ ಹಾಡೇ ಬಿಟ್ಟರು. ಘಂಟಸಾಲ ಅವರ ಆ ಹಾಡು ಮೈಕಿನಲ್ಲಿ ಬಂತೆಂದರೆ ಇನ್ನೇನು ಆಟ ಶುರು ಅಂತ. ಹಳ್ಳಿಗಳಲ್ಲಿ ಜನ ಉಣ್ಣುವುದನ್ನು ಬಿಟ್ಟು ಓಡಿ ಬರುತ್ತಿದ್ದರಂತೆ. ನೆಲದ ಟಿಕೆಟ್ಟಿನವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು, ಹಿಂದಿನವರು ಜಗಳಕ್ಕೆ ಬರುವುದು, ಹೆಂಗಸರ ಕಡೆ ಮಗು ಅತ್ತರೆ ಇಡೀ ಟೆಂಟು ಸಮಾಧಾನ ಹೇಳುವುದು. ಎಷ್ಟೆಲ್ಲ ನೆನಪಿಟ್ಟುಕೊಂಡಿದ್ದೀರಿ!

ಪಕ್ಕದೂರಿನ ಹಿರಿಯರೊಬ್ಬರು ರೀಲಿನ ಡಬ್ಬ ಸಾಗಿಸುತ್ತಿದ್ದವರು. ಎರಡೂರಿಗೆ ಸಿನಿಮಾದ ಒಂದೇ ಪ್ರಿಂಟು. ಅಲ್ಲಿ ಮುಗಿದ ರೀಲನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಇಲ್ಲಿಗೆ ತರಬೇಕು. ಒಂದು ಮಳೆಯ ರಾತ್ರಿ ದಾರಿಯಲ್ಲಿ ಚೈನು ಕಿತ್ತುಹೋಯಿತು. ಅವರು ಬರುವವರೆಗೂ ಅಪ್ಪ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ನ್ಯೂಸ್ ರೀಲನ್ನೇ ಮತ್ತೆ ಮತ್ತೆ ಓಡಿಸಿದರಂತೆ. ಇದನ್ನು ಕೇಳಿ ಅಪ್ಪ ಈ ಕಡೆ ತಿರುಗಿದರು.

ಅಪ್ಪನಿಗೆ ಮಾತು ಬಂದಿದ್ದು ಮಾತ್ರ ಇನ್ನೊಬ್ಬರಿಂದ. “ಪರದೆ ಮೇಲೆ ಬೆಳಕು ಹೋದಾಗಲೆಲ್ಲ ನಿಮ್ಮನ್ನ ಬೈದಿದ್ದೀವಿ ಅಣ್ಣ, ಮನಸ್ಸಿಗೆ ಹಚ್ಕೋಬೇಡಿ” ಎಂದು ಅವರು ಅಪ್ಪನ ಕೈ ಹಿಡಿದುಕೊಂಡರು. ಅಪ್ಪ ಎದ್ದು ಕೂತರು. “ಮಿಷನ್ನಿನ ದೀಪ ಅಂದ್ರೆ ಎರಡು ಕಾರ್ಬನ್ ಕಡ್ಡಿ, ನಡುವೆ ಸಣ್ಣ ಸಂದು. ಕಡ್ಡಿ ಉರಿದು ಸವೆದ ಹಾಗೆ ಹತ್ತಿರ ತರ್ತಾ ಇರಬೇಕು. ಸಂದು ಜಾಸ್ತಿ ಆಯ್ತೋ, ಬೆಳಕು ಹೋಯ್ತು. 2000 ಅಡಿ ರೀಲು 20 ನಿಮಿಷದ ಮೇಲೆ ಓಡುತ್ತೆ. ಅಷ್ಟು ಹೊತ್ತೂ ಕಣ್ಣು ತೆಗೆಯೋ ಹಾಗಿಲ್ಲ.” ಥಿಯೇಟರಿನಲ್ಲಿ ಎರಡು ಮಿಷನ್ ಇದ್ದುದು, ಪರದೆಯ ಬಲ ಮೂಲೆಯಲ್ಲಿ ಚುಕ್ಕಿ ಮಿಂಚಿದಾಗ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದುದು, ತುಂಡಾದ ಫಿಲಂ ಕೆರೆದು ಫಿಲಂ ಸಿಮೆಂಟ್ ಅನ್ನೋ ಅಂಟು ಹಚ್ಚಿ ಜೋಡಿಸುತ್ತಿದ್ದುದು, ಎಲ್ಲ ಹೇಳಿದರು. ತಿಂಗಳುಗಟ್ಟಲೆ ಕೇಳದ ದನಿ. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದಳು.

ನೀವೆಲ್ಲ ಹೋದ ಮೇಲೆ ಅಪ್ಪ ನನಗೆ ಹೇಳಿದ್ದು ಇದು: “ಇಷ್ಟು ವರ್ಷ ಮಿಷನ್ ರೂಮಿನ ಕಿಂಡಿಯಿಂದ ಇವರ ತಲೆ ಮಾತ್ರ ನೋಡಿದ್ದೆ ಕಣಮ್ಮ. ಮುಖ ಈಗ ನೋಡಿದೆ.”

ನಿಮಗೆ ಎಷ್ಟು ಕೈ ಮುಗಿದರೂ ಸಾಲದು.

ಹಾಗೇ, ಚಿಕ್ಕಂದಿನಲ್ಲಿ ಟೆಂಟಿನ ಹಿಂದೆ ಆಯ್ದ ಫಿಲಂ ತುಂಡನ್ನು ತಂದುಕೊಟ್ಟವರು ಹೆಸರು ಹೇಳದೆ ಹೊರಟುಬಿಟ್ಟಿರಿ. ಅಪ್ಪ ದಿನಾ ಬೆಳಿಗ್ಗೆ ಅದನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. ಇನ್ನೊಮ್ಮೆ ಬನ್ನಿ. ಆವತ್ತು ಕಾಫಿಯನ್ನೂ ಕುಡಿಯಲಿಲ್ಲ ನೀವು.